ತೊಳೆಯಬಹುದಾದ ಬಣ್ಣ

ಕೆರೆದಂಡೆ ಮನೆ
ನವೆಂಬರ್ ೯

ಯಜಮಾನ್ತಿಯವರ ಸನ್ನಿಧಾನಕ್ಕೆ,

ಸುಖವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ಬ್ರೆಡ್ಡು ಮೊಟ್ಟೆ ಅರ್ಧ ದಾರಿಗೇ ಖಾಲಿಯಾಯಿತು. ಇಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹತ್ತಿದರೂ ಏನು ಬಂತು? ಇಷ್ಟು ವರ್ಷ ಒಗೆಯುವ ಮೆಷೀನಿನ ಪಕ್ಕ ನಿಂತ ನನ್ನ ಕಿವಿಗೆ ನೀನು ಹೇಳಿದ್ದರಲ್ಲಿ ಅರ್ಧ ಬೀಳುತ್ತದೆ, ಉಳಿದರ್ಧಕ್ಕೆ ಜಗಳವಾಗುತ್ತದೆ. ಅದಕ್ಕೇ ಪತ್ರ. ಬೆಳಗಿನ ಬಸ್ಸಿನ ಕಂಡಕ್ಟರು ನಮ್ಮ ಲಾಂಡ್ರಿಗೇ ಬಟ್ಟೆ ಹಾಕುವವನು, ನಿನ್ನ ಕೈಗೇ ತಲುಪಿಸುತ್ತೇನೆ ಅಂದಿದ್ದಾನೆ. "ಅಮ್ಮಾವ್ರಿಗೆ ಲವ್ ಲೆಟರ್ರಾ ಸಾರ್?" ಅಂತ ಕೇಳಿದ. "ಅಲ್ಲಪ್ಪ, ಗೋಡೆ ವಿಷಯ" ಅಂದೆ. ನಂಬಲಿಲ್ಲ.

ಮನೆ ಚೆನ್ನಾಗಿದೆ ಕಣೇ. ನೋಡುತ್ತ ನಿಂತರೆ ಇದನ್ನು ನಾವೇ ಕಟ್ಟಿಸಿದ್ದಾ ಅನ್ನಿಸುತ್ತದೆ. ಎರಡು ಕೋಣೆ, ಅಡುಗೆಮನೆ, ಮುಂದೆ ಜಗಲಿ, ನಾಲ್ಕು ಹೆಜ್ಜೆ ಇಳಿದರೆ ಕೆರೆ. ನೀನು ಆರಿಸಿದ ಬಣ್ಣ ಎಷ್ಟು ಹೊಳೆಯುತ್ತಿದೆ ಅಂದರೆ ಮಲಗುವ ಕೋಣೆಯ ಗೋಡೆಯಲ್ಲಿ ನನ್ನ ಬೋಳುತಲೆ ಕಾಣಿಸಿತು. ಮುಖ್ಯವಾಗಿ, ತಲೆಯ ಮೇಲೆ ಏನೂ ನೇತಾಡುತ್ತಿಲ್ಲ. ಲಾಂಡ್ರಿಯ ಮೇಲಿನ ಆ ಎರಡು ಕೋಣೆಯಲ್ಲಿ ಯಾರದೋ ಹಾಸುಬಟ್ಟೆಗಳ ಕೆಳಗೆ ಊಟ ಮಾಡಿ, ಯಾರದೋ ಪರದೆಗಳ ಕೆಳಗೆ ಮಲಗಿದವರಲ್ಲವೇ ನಾವು.

ಗೋಡೆ ಸ್ವಲ್ಪ ತಂಪಾಗಿದೆ. ಅಷ್ಟೇ. "ಗೋಡೆ ಒಣಗೋ ತನಕ ನಾನಲ್ಲಿ ಕಾಲಿಡಲ್ಲ" ಅಂತ ನೀನು ಅಂದದ್ದು ಮರೆತಿಲ್ಲ. ಇಡೀ ಊರಿನ ಬಟ್ಟೆ ಒಣಗಿಸಿದವನಿಗೆ ನಾಲ್ಕು ಗೋಡೆ ಒಣಗಿಸುವುದು ಏನು ಮಹಾ? ಒಂದು ವಾರ ಕೊಡು.

ನಿನ್ನವನೇ

*

ಲಾಂಡ್ರಿ
ನವೆಂಬರ್ ೧೩

ರೀ,

ಸ್ವಲ್ಪ ತಂಪು ಅಂದರೆ ಏನು? ನಮ್ಮ ಅಂಗಡಿಯಲ್ಲಿ ಅಂಗಿ "ಸ್ವಲ್ಪ ತಂಪು" ಇದ್ದರೆ ಗಿರಾಕಿ ತಂದು ಮುಖಕ್ಕೆ ಎಸೆಯುತ್ತಾನೆ. ಒದ್ದೆ ಇದ್ದರೆ ಒದ್ದೆ ಅನ್ನಿ. ನನ್ನ ಹತ್ತಿರ ವ್ಯಾಪಾರದ ಮಾತು ಬೇಡ.

ಹುಟ್ಟಿದಾಗಿನಿಂದ ನನಗೆ ಒದ್ದೆಯೇ ಗತಿ. ಅಪ್ಪನ ಮನೆಯಲ್ಲೂ ಲಾಂಡ್ರಿ, ನಿಮ್ಮ ಮನೆಗೆ ಬಂದರೂ ಲಾಂಡ್ರಿ. ಬೆರಳ ತುದಿ ಯಾವಾಗಲೂ ಮುದುರಿಕೊಂಡೇ ಇರುತ್ತದೆ. ರಜೆಗೆ ಅಂತ ಕಟ್ಟಿಸಿದ ಮನೆಯಲ್ಲೂ ನೀರು ಜಿನುಗುತ್ತಿದ್ದರೆ ಅಲ್ಲಿಗೆ ಬಂದು ನಾನೇನು ಮಾಡಲಿ? ಇಲ್ಲೇ ಹಾಯಾಗಿ ನೆನೆಯುತ್ತೇನೆ.

ಇನ್ನೊಂದು ವಿಷಯ. ಎದುರಿನ ಹಲ್ಲಿನ ಡಾಕ್ಟರು ಬಿಳಿ ಕೋಟು ಕೊಡಲು ಬಂದಿದ್ದರು. ಜನರ ಬಾಯಿ ತೆರೆಸುವುದೇ ಅವರ ಕೆಲಸವಲ್ಲವೇ, ನಾನೂ ಮನೆ ವಿಷಯ ಬಾಯಿ ಬಿಟ್ಟೆ. "ಮಾರೋದಿದ್ರೆ ಮೊದಲು ನನಗೇ ಹೇಳಿ, ಅಂಥ ಜಾಗಾನೇ ಹುಡುಕ್ತಿದೀನಿ" ಅಂದರು. ಮಾರ್ಚ್ ಬಂದರೆ ಬೇರೆ ಕಡೆ ನೋಡುತ್ತಾರಂತೆ. ಹಾಗಾಗಿ ಕೇಳಿ: ಫೆಬ್ರವರಿ ಮುಗಿಯುವುದರೊಳಗೆ ಗೋಡೆ ಒಣಗಿದರೆ ಮನೆ ನಮ್ಮದು. ಇಲ್ಲವಾದರೆ ಡಾಕ್ಟರಿಗೆ ಕೊಟ್ಟು ಸುಮ್ಮನಾಗೋಣ. ಕೋಪ ಮಾಡಿಕೊಳ್ಳಬೇಡಿ, ನ್ಯಾಯವಾಗಿ ಹೇಳುತ್ತಿದ್ದೇನೆ.

ಬಣ್ಣದ ಚಿಂತೆ ನಿಮಗೆ ಬೇಡವೇ ಬೇಡ. ಅಂಗಡಿಯವನು ಹತ್ತು ಬಗೆ ತೋರಿಸಿದ. "ಇದನ್ನ ಸೋಪು ಹಾಕಿ ತೊಳೀಬಹುದಾ?" ಅಂತ ಒಂದೊಂದಕ್ಕೂ ಕೇಳಿದೆ. ಹೂಂ ಅಂದದ್ದು ಇದೊಂದಕ್ಕೇ. ಏನೇ ಕಲೆಯಾದರೂ ಒದ್ದೆಬಟ್ಟೆಯಲ್ಲಿ ಒರೆಸಿಬಿಡಿ.

ಹೊದ್ದುಕೊಂಡು ಮಲಗಿ.

ನಾನು

*

ಕೆರೆದಂಡೆ ಮನೆ
ನವೆಂಬರ್ ೨೧

ಮಹಾರಾಣಿಗೆ,

ನಿನ್ನ ಅಪ್ಪಣೆ ತಲುಪಿತು. ಫೆಬ್ರವರಿ ತನಕ ಯಾಕೆ, ಡಿಸೆಂಬರಿಗೇ ಒಣಗಿಸಿ ಕೊಡುತ್ತೇನೆ. ಹಲ್ಲಿನ ಡಾಕ್ಟರಿಗೆ ಬೇರೆ ಯಾರದಾದರೂ ಮನೆ ಕೀಳಲು ಹೇಳು.

ಒದ್ದೆ ಇದ್ದರೆ ಒದ್ದೆ ಅನ್ನಿ ಅಂದೆಯಲ್ಲ, ಹೇಳಿಬಿಡುತ್ತೇನೆ. ಒದ್ದೆ ಇದೆ. ಮಲಗುವ ಕೋಣೆಯ ಬಡಗಣ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಬೀರು ಸರಿಸಿದರೆ ಹಿಂದೆ ಕಪ್ಪು ಚುಕ್ಕೆ. ನಿನ್ನೆ ಗಾರೆ ಮೇಸ್ತ್ರಿಯನ್ನು ಕರೆಸಿದ್ದೆ. ಗೋಡೆ ತಟ್ಟಿದ, ಉಗುರಿನಲ್ಲಿ ಕೆರೆದ, ಏನೋ ಒಂದು ಹೇಳಿದ. ಮೇಸ್ತ್ರಿಗಳು ಏನಾದರೊಂದು ಹೇಳುತ್ತಲೇ ಇರುತ್ತಾರೆ. ಅದೆಲ್ಲ ಬರೆಯುವಂಥದ್ದಲ್ಲ.

ನಾನು ನನ್ನ ದಾರಿ ಹಿಡಿದಿದ್ದೇನೆ. ನಮ್ಮ ಒಣಗಿಸುವ ಕೋಣೆಯನ್ನೇ ಇಲ್ಲಿ ಮಾಡಿಬಿಟ್ಟೆ. ಎರಡು ದೊಡ್ಡ ಹೀಟರು ತಂದು, ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಸಂದಿಗೆಲ್ಲ ಹಳೇ ಬಟ್ಟೆ ತುರುಕಿ, ಒಂದು ಹನಿ ಬಿಸಿಯೂ ಹೊರಗೆ ಹೋಗದ ಹಾಗೆ ಕಟ್ಟುಮಾಡಿದ್ದೇನೆ. ಒಳಗೆ ಹೋದರೆ ಬನಿಯನ್ನೂ ಭಾರ. ಕನ್ನಡಕ ಮಂಜಾಗುತ್ತದೆ. ಕಿಟಕಿ ಗಾಜಿನ ಮೇಲೆ ನೀರು ಧಾರೆ ಧಾರೆ ಇಳಿಯುತ್ತಿದೆ. ನೋಡಿ ಎಷ್ಟು ಖುಷಿಯಾಯಿತು ಗೊತ್ತಾ, ಗೋಡೆಯ ಒಳಗಿನದೆಲ್ಲ ಹೊರಗೆ ಬರುತ್ತಿದೆ ಅಂತ.

ಸಂಜೆ ಜಗಲಿಯಲ್ಲಿ ಕೂತಿದ್ದೆ. ಕೆರೆಯ ಮೇಲೆ ಎರಡು ಬಾತುಕೋಳಿ ಒಂದರ ಹಿಂದೆ ಒಂದು ಹೋಗುತ್ತಿದ್ದವು, ಹಿಂದಿನದು ಒಂದೇ ಸಮ ಬೈಯುತ್ತಿತ್ತು. ನಿನ್ನ ನೆನಪಾಯಿತು.

ನಿನ್ನವನೇ

*

ಲಾಂಡ್ರಿ
ಡಿಸೆಂಬರ್ ೧

ರೀ,

ಬಾತುಕೋಳಿ ಬೈಯುತ್ತಿದ್ದರೆ ಮುಂದಿನದು ಏನೋ ತಪ್ಪು ಮಾಡಿರುತ್ತದೆ.

ಉತ್ತರ ತಡವಾಯಿತು. ಹೋಟೆಲಿನಿಂದ ಒಂದೇ ದಿನ ಇಡೀ ಮಹಡಿಯ ಹಾಸುಬಟ್ಟೆ ಬಂದು ಬಿತ್ತು, ಮ್ಯಾನೇಜರು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ನೀವಿಲ್ಲದೆ ಮೆಷೀನು ನಡೆಸುವುದು ಕಷ್ಟವೇನೂ ಆಗಲಿಲ್ಲ. ಇದನ್ನು ಬೇಜಾರು ಮಾಡಲಿಕ್ಕೆ ಬರೆದದ್ದಲ್ಲ.

ಕಪ್ಪು ಚುಕ್ಕೆ ಅಂದರೆ ಬೂಷ್ಟು. ನನ್ನನ್ನು ಕೇಳಬಾರದಿತ್ತೇ? ಬೂಷ್ಟು ಹಿಡಿದ ಮೇಜುಬಟ್ಟೆ ಎಷ್ಟು ಬಿಳಿ ಮಾಡಿಕೊಟ್ಟಿಲ್ಲ ನಾನು. ಮೊದಲು ನಿಂಬೆರಸ ಉಪ್ಪು ತಿಕ್ಕಿ, ಬಿಡಿ. ಆಮೇಲೆ ಸೋಡಾ ನೀರು. ಅದಕ್ಕೂ ಬಗ್ಗದಿದ್ದರೆ ಬಿಸಿನೀರಲ್ಲಿ ಸೋಪು ಕಲಸಿ ಚೆನ್ನಾಗಿ ತೊಳೆಯಿರಿ, ಬಣ್ಣ ತಡೆಯುತ್ತದೆ. ಕಲೆ ಅನ್ನುವುದು ಹಠದ ಮಗುವಿನ ಹಾಗೆ, ಹೊಡೆದರೆ ಬಗ್ಗುವುದಿಲ್ಲ, ಪುಸಲಾಯಿಸಬೇಕು.

ಹಲ್ಲಿನ ಡಾಕ್ಟರು ಮತ್ತೆ ಕೇಳಿದರು. ನೋಡೋಣ ಅಂದೆ.

ನಾನು

*

ಕೆರೆದಂಡೆ ಮನೆ
ಡಿಸೆಂಬರ್ ೧೨

ಯಜಮಾನ್ತಿಗೆ,

ನಿಂಬೆ ಆಯಿತು, ಉಪ್ಪು ಆಯಿತು, ಸೋಡಾ ಆಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬೂಷ್ಟು ಇವತ್ತು ಹೋಗುತ್ತದೆ, ನಾಡಿದ್ದು ಸಂಸಾರ ಸಮೇತ ಬರುತ್ತದೆ. ಈಗ ಹಾಸಿಗೆಯೂ ಥಂಡಿ, ದಿಂಬೂ ಥಂಡಿ, ಬೀರುವಿನಲ್ಲಿಟ್ಟ ನನ್ನ ಚಪ್ಪಲಿಗೂ ಹಸಿರು ಬಂದಿದೆ.

ಈಗ ಹೇಳುವುದನ್ನು ನಿನಗೆ ಹೇಳಬಾರದು ಅಂತಲೇ ಇದ್ದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಮೊನ್ನೆ ಬಡಗಣ ಗೋಡೆ ನೋಡುತ್ತ ಕೂತಿದ್ದೆ. ನನ್ನ ಇಸ್ತ್ರಿಪೆಟ್ಟಿಗೆ ಜೊತೆಗೇ ತಂದಿದ್ದೆನಲ್ಲ. ತೇವದ ಅಂಗಿ ಇಸ್ತ್ರಿಗೆ ಒಣಗುತ್ತದೆ, ಗೋಡೆ ಯಾಕೆ ಒಣಗಬಾರದು ಅಂತ ತಲೆಗೆ ಬಂತು. ಪದ್ಧತಿ ಬಿಡಲಿಲ್ಲ, ಮೇಲೆ ಒಂದು ಬಿಳಿ ಬಟ್ಟೆ ಹಿಡಿದೇ ಒತ್ತಿದೆ. ಚುಂಯ್ ಅಂತು. ಬಟ್ಟೆ ತೆಗೆದರೆ ಬಣ್ಣವೆಲ್ಲ ಬಟ್ಟೆಗೆ ಬಂದಿದೆ, ಗೋಡೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರ, ಮೂತಿ ಸಮೇತ, ಕಂದುಬಣ್ಣದಲ್ಲಿ. ಮೇಲೊಂದು ಕ್ಯಾಲೆಂಡರ್ ನೇತುಹಾಕಿದ್ದೇನೆ.

ನಗಬೇಡ. ಕೆರೆದು ಕೆರೆದು ಅಂಗೈಯೆಲ್ಲ ಬೊಬ್ಬೆ ಎದ್ದಿದೆ, ಪೆನ್ನು ಹಿಡಿಯಲು ಆಗುತ್ತಿಲ್ಲ.

ಇನ್ನು ಒಣಗುವುದಿಲ್ಲವೇನೋ ಅಂತ ಮೊದಲ ಸಲ ಅನ್ನಿಸಿತು. ಆದರೆ ಈ ಮನೆ ನನಗೆ ಬೇಕು ಕಣೇ. ನಿನ್ನ ಜೊತೆ ಈ ಜಗಲಿಯಲ್ಲಿ ಒಂದು ವಾರ ಏನೂ ಮಾಡದೆ ಕೂರಬೇಕು ಅಂತ ಆಸೆ. ಅಷ್ಟು ಬಿಟ್ಟು ಬೇರೆ ಏನೂ ಬೇಡ.

ನಿನ್ನವನು

*

ಲಾಂಡ್ರಿ
ಡಿಸೆಂಬರ್ ೧೬

ಅಯ್ಯೋ ನನ್ನ ಮಹಾರಾಯರೇ,

ಓದಿ ಎಷ್ಟು ನಕ್ಕೆ ಅಂದರೆ ಹೂವಿನಂಗಡಿಯಾಕೆ ಏನಾಯಿತೋ ಅಂತ ಓಡಿ ಬಂದಳು. ಅವಳಿಗೂ ಓದಿ ಹೇಳಿದೆ. ಅವಳು ಹೋಗಿ ಬೀದಿಗೆಲ್ಲ ಹೇಳಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಕೇಳಿದ್ದೆ, ಗೋಡೆಗೆ ಶೀತವಾದರೆ ಗೋಡೆಗೇ ಬರೆ ಹಾಕಿದವರನ್ನು ಈಗ ನೋಡಿದೆ.

ನಕ್ಕು ಮುಗಿಸಿ ಒಣಗಿಸುವ ಕೋಣೆಗೆ ಹೋದೆ. ಹೋಗಿ ಯಾವತ್ತಿನ ಹಾಗೆ ಹಗ್ಗ ಎಳೆದೆ. ಎಳೆದ ಕೈ ಅಲ್ಲೇ ನಿಂತುಬಿಟ್ಟಿತು. ನಿಮ್ಮ ಹಿಂದಿನ ಪತ್ರ ತೆಗೆದು ಮತ್ತೆ ಓದಿದೆ. ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ ಅಂದಿರಲ್ಲ?

ರೀ, ನಮ್ಮ ಒಣಗಿಸುವ ಕೋಣೆಯ ಹಿಂದಿನ ಗೋಡೆಯಲ್ಲಿ, ಸೂರಿನ ಕೆಳಗೆ ಒಂದು ಗವಾಕ್ಷಿ ಇದೆ. ಅದಕ್ಕೆ ಹಲಗೆಯ ಮುಚ್ಚಳ, ಮುಚ್ಚಳಕ್ಕೆ ಹಗ್ಗ. ಗೊತ್ತಾ ನಿಮಗೆ? ನೀವು ಬಟ್ಟೆ ನೇತುಹಾಕಿ, ಬೆಂಕಿ ಏರಿಸಿ, ಬಾಗಿಲು ಹಾಕಿಕೊಂಡು ಮೆಷೀನಿನ ಹತ್ತಿರ ಹೋಗುತ್ತೀರಿ. ಆಮೇಲೆ ನಾನು ಆಗಾಗ ಇಸ್ತ್ರಿ ಬಿಟ್ಟು ಎದ್ದು ಹೋಗಿ ಹಗ್ಗ ಎಳೆದು, ಆವಿಯನ್ನೆಲ್ಲ ಆಚೆ ಬಿಟ್ಟು ಮತ್ತೆ ಮುಚ್ಚುತ್ತೇನೆ. ಬಿಸಿ ನೀರನ್ನು ಎಬ್ಬಿಸುತ್ತದೆ, ಅಷ್ಟೇ. ಅದನ್ನು ಮನೆಯಿಂದ ಹೊರಗೆ ಕಳಿಸಲು ಯಾರಾದರೂ ಬಾಗಿಲು ತೆಗೆಯಬೇಕಲ್ಲ. ನೀವು ಎಬ್ಬಿಸಿದ ನೀರು ಪಾಪ ಎಲ್ಲಿಗೆ ಹೋಗುತ್ತದೆ? ಗಾಜಿನ ಮೇಲೆ ಕೂತು, ತಿರುಗಿ ಗೋಡೆಗೇ ಹೋಗಿ ಮಲಗುತ್ತದೆ.

ಬಟ್ಟೆಯೆಲ್ಲ ಕಿತ್ತು ಬಿಸಾಕಿ. ಎದುರುಬದುರು ಕಿಟಕಿ ತೆಗೆಯಿರಿ. ಹೀಟರು ಸಣ್ಣಗೆ ಇರಲಿ. ಬೀರುವನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆಯಿರಿ.

ಕೆರೆದು ಕೆರೆದು ಅಂದಿರಲ್ಲ, ಏನನ್ನು ಕೆರೆಯುತ್ತಿದ್ದೀರಿ? ಒಂದು ಇಸ್ತ್ರಿ ಗುರುತು ಕೆರೆಯಲು ಅಂಗೈ ತುಂಬ ಬೊಬ್ಬೆ ಏಳುತ್ತದೆಯೇ?

ಕೈಗೆ ಎಣ್ಣೆ ಹಚ್ಚಿ.

ನಾನು

*

ಕೆರೆದಂಡೆ ಮನೆ
ಡಿಸೆಂಬರ್ ೨೦

ಯಜಮಾನ್ತಿಗೆ,

ನಿನ್ನ ಪತ್ರ ಓದಿದೆ. ಹಗ್ಗ ನೋಡಿದ್ದೇನೆ. ಹಳೇ ಕಾಲದಲ್ಲಿ ಬಟ್ಟೆ ಏರಿಸಲು ಕಟ್ಟಿದ್ದು ಅಂದುಕೊಂಡಿದ್ದೆ. ನೀನು ಮಧ್ಯೆ ಮಧ್ಯೆ ಎದ್ದು ಹೋಗುವುದನ್ನೂ ನೋಡಿದ್ದೇನೆ, ಕಾಲು ಜೋಮು ಹಿಡಿದಿರಬೇಕು, ಓಡಾಡುತ್ತಾಳೆ ಅಂದುಕೊಂಡಿದ್ದೆ. ನನ್ನ ಬೆಂಕಿಗೇ ಬಟ್ಟೆ ಒಣಗುತ್ತಿದೆ ಅಂತ ಇಷ್ಟು ವರ್ಷ ಮೀಸೆ ತಿರುವಿದೆನಲ್ಲೇ! ಒಂದು ಮಾತು ಹೇಳಬಾರದಿತ್ತೇ?

ಕಿಟಕಿ ಎಲ್ಲ ತೆಗೆದೆ. ಕೆರೆಯ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೋಯಿತು, ಕ್ಯಾಲೆಂಡರ್ ಪಟಪಟ ಹೊಡೆದುಕೊಂಡು ಬಿತ್ತು. ಮೂರೇ ದಿನಕ್ಕೆ ಗಾಜಿನ ಮೇಲೆ ನೀರಿಲ್ಲ. ನಾನು ಮಾತ್ರ ಕೋಟು, ಟೋಪಿ, ಎರಡು ಕಂಬಳಿಯಲ್ಲಿ ಇದ್ದೇನೆ.

ಕೆರೆಯುವುದರ ಬಗ್ಗೆ ಕೇಳಿದ್ದೀಯ. ಸುಮ್ಮನೆ, ಕಾಲ ಕಳೆಯಬೇಕಲ್ಲ.

ನಿನ್ನವನೇ

*

ಕೆರೆದಂಡೆ ಮನೆ
ಜನವರಿ ೧೪

ಲಾಂಡ್ರಿಯ ಮಾಲೀಕರಿಗೆ,

ತಮ್ಮ ಕಡೆಯಿಂದ ಇಷ್ಟು ದಿನ ಪತ್ರ ಬರಲಿಲ್ಲ. ಇವತ್ತು ಪತ್ರದ ಬದಲು ಹಲ್ಲಿನ ಡಾಕ್ಟರು ಬಂದರು. ಕೈಯಲ್ಲಿ ಅಳತೆಯ ಟೇಪು. ತಾವೇ ದಾರಿ ಹೇಳಿ ಕಳಿಸಿದಿರಂತೆ. ಕಿಟಕಿಗಳ ಉದ್ದಗಲ ಬರೆದುಕೊಂಡರು. ಅವರ ಸೋಫಾ ಎಲ್ಲಿ ಬರುತ್ತದೆ ಅಂತ ನನಗೇ ತೋರಿಸಿದರು. ಟೀ ಕೊಟ್ಟೆ, ಕುಡಿದರು. "ಗೋಡೆ ತೇವ ಇದ್ರೂ ಪರವಾಗಿಲ್ಲ, ನಾನು ನೋಡ್ಕೋತೀನಿ" ಅಂದರು.

ಫೆಬ್ರವರಿ ಮುಗಿಯಲು ಇನ್ನೂ ದಿನ ಇದೆ ಅಂತ ನಾನು ತಿಳಿದಿದ್ದೆ. ತಮ್ಮ ಲೆಕ್ಕ ಬೇರೆ ಇರಬಹುದು.

ಮಾರುವುದೇ ಆದರೆ ಹೇಳಿಬಿಡಿ. ಕೈ ನೋವಾದರೂ ತಪ್ಪುತ್ತದೆ.

*

ಲಾಂಡ್ರಿ
ಜನವರಿ ೩೦

ರೀ,

ನಿಮ್ಮ "ತಾವು" ಓದಿದೆ. ಮದುವೆಯಾದಾಗಿನಿಂದ ನನ್ನನ್ನು ಏನೇನೋ ಕರೆದಿದ್ದೀರಿ, ತಾವು ಅಂದಿರಲಿಲ್ಲ. ಉತ್ತರ ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಬರೆದದ್ದೆಲ್ಲ ಸಬೂಬು ಅಂತ ನನಗೇ ಕಾಣುತ್ತಿತ್ತು.

ನಿನ್ನೆ ನಿಮ್ಮ ಮೇಸ್ತ್ರಿ ಪೇಟೆಗೆ ಬಂದವನು ಅಂಗಡಿಗೂ ಬಂದ, ಕೋಟಿಗೆ ಸಿಮೆಂಟು ಮೆತ್ತಿಕೊಂಡಿತ್ತು. "ಗೋಡೆ ಹೇಗಿದೆಯಪ್ಪ?" ಅಂದೆ. "ಈಗ ಒಣಗ್ತಾ ಇದೆ ಅಮ್ಮಾ. ಹೊಸ ಗೋಡೆ ಅಂದ್ರೆ ಕಟ್ಟುವಾಗ ಕುಡಿದ ನೀರು ಇನ್ನೂ ಒಳಗೇ ಇರುತ್ತೆ. ನೀವು ಆ ಬಣ್ಣ ಹಾಕಿಸಿ ಅದರ ಬಾಯಿ ಮುಚ್ಚಿಬಿಟ್ರಿ. ಮಳೆ ಅಂಗಿ ತೊಡಿಸಿದ ಹಾಗೆ. ನವೆಂಬರ್‌ನಲ್ಲೇ ಸಾರ್‌ಗೆ ಹೇಳಿದ್ದೆ, ಪೂರ್ತಿ ಕೆರೆದು ಸುಣ್ಣ ಹೊಡೀಬೇಕು ಅಂತ. ಅದಕ್ಕವರು, ಅಯ್ಯೋ, ಬಣ್ಣ ಅವಳು ಆರಿಸಿದ್ದು, ಅವಳಿಗೆ ಹೇಳ್ಬೇಡ, ನೊಂದ್ಕೊಳ್ತಾಳೆ ಅಂದ್ರು. ಆಳು ಕಳಿಸ್ತೀನಿ ಅಂದ್ರೂ ಕೇಳ್ಲಿಲ್ಲ, ಒಬ್ಬರೇ ಕೂತು ಕೆರೀತಿದಾರೆ" ಅಂದ.

ಗಿರಾಕಿಗಳ ಎದುರಿಗೇ ಅತ್ತುಬಿಟ್ಟೆ. ಕಣ್ಣಿಗೆ ಸೋಪು ಹೋಯಿತು ಅಂತ ಸುಳ್ಳು ಹೇಳಿದೆ. ನವೆಂಬರಿನಿಂದ ನಾನು ಸೋಪು ಹಾಕಿ ತೊಳೆಯಿರಿ ಅಂತ ಬುದ್ಧಿ ಹೇಳುತ್ತಿದ್ದೇನೆ, ನೀವು ಬೊಬ್ಬೆ ಕೈಯಲ್ಲಿ ಆಗಲಿ ಮಹಾರಾಣಿ ಅಂತ ಬರೆಯುತ್ತಿದ್ದೀರಿ. ಹೇಳಬಾರದಿತ್ತೇ ಅಂತ ಹಗ್ಗದ ವಿಷಯಕ್ಕೆ ನನ್ನನ್ನು ಕೇಳಿದಿರಲ್ಲ. ನಿಮಗೇನಾಗಿತ್ತು?

ನನ್ನ ಮಾತೂ ಹೇಳಿಬಿಡುತ್ತೇನೆ. ಕಿಟಕಿ ತೆಗೆದ ಮೇಲೆ ಗಾಜು ಒಣಗಿತು ಅಂತ ಬರೆದಿರಲ್ಲ, ಅವತ್ತು ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಗೋಡೆ ಒಣಗಿಬಿಟ್ಟರೆ ನಾನು ಬರಲೇಬೇಕಲ್ಲ ಅಂತ. ಬಂದು ಏನು ಮಾಡಲಿ? ಎದ್ದರೆ ಕೆಲಸ, ಕೂತರೆ ಕೆಲಸ, ಹೀಗೇ ಬದುಕಿದವಳು. ಜಗಲಿಯಲ್ಲಿ ಕೈಕಟ್ಟಿ ಕೂರುವುದು ನನಗೆ ಬರುವುದಿಲ್ಲ ರೀ. ಕಲಿಸಿದವರಿಲ್ಲ. ಅಲ್ಲಿ ಕೂತು ನಾನು ಚಡಪಡಿಸಿ, ನಿಮ್ಮ ಆಸೆಯನ್ನೂ ಹಾಳು ಮಾಡಿಬಿಟ್ಟರೆ? ಅದಕ್ಕೇ ಡಾಕ್ಟರಿಗೆ ಹೋಗಿ ನೋಡಿ ಬನ್ನಿ ಅಂದುಬಿಟ್ಟೆ. ಕೊಡುತ್ತೇನೆ ಅಂತ ಮಾತು ಕೊಟ್ಟಿಲ್ಲ.

ಈ ಭಾನುವಾರ ಬರುತ್ತೇನೆ. ನೀವು ಅದೇ ಬಸ್ಸಿಗೆ ಇಲ್ಲಿಗೆ ಬನ್ನಿ, ಹೋಟೆಲಿನ ಬಟ್ಟೆ ಬಿಟ್ಟು ಇಬ್ಬರೂ ಅಲ್ಲಿ ಕೂರಲು ಆಗುವುದಿಲ್ಲ. ಉಳಿದದ್ದನ್ನು ನಾನು ಕೆರೆಯುತ್ತೇನೆ. ನನ್ನ ಬಣ್ಣ, ನನ್ನ ಕೈ. ಗೋಡೆ ಪೂರ್ತಿ ಒಣಗುವುದನ್ನು ನಾನೇ ನೋಡಬೇಕು.

ನಿಮ್ಮವಳು

*

ಲಾಂಡ್ರಿ
ಫೆಬ್ರವರಿ ೮

ಕೆರೆದಂಡೆಯ ಒಡತಿಗೆ,

ಬಸ್‌ಸ್ಟ್ಯಾಂಡಿನಲ್ಲಿ ನೀನು ಇಳಿದೆ, ನಾನು ಹತ್ತಿದೆ, ನಡುವೆ ಒಂದು ಟೀ ಕುಡಿಯುವಷ್ಟೂ ಹೊತ್ತು ಸಿಗಲಿಲ್ಲ. ನನ್ನ ಕೈ ಹಿಡಿದು ತಿರುಗಿಸಿ ನೋಡಿದೆಯಲ್ಲ, ಕಂಡಕ್ಟರು ಸೀಟಿ ಊದದೆ ಕಾಯುತ್ತಿದ್ದ.

ನನಗೆ ನಿನ್ನ ಮೇಲೆ ಕೋಪ ಇಲ್ಲ. ಇತ್ತು, ಒಂದು ಹದಿನೈದು ದಿನ ಚೆನ್ನಾಗಿಯೇ ಇತ್ತು. ನೀನು ಹೆದರಿದ್ದೀಯ ಅಂತ ನನಗೆ ಹೊಳೆಯಲೇ ಇಲ್ಲ. ಯಾರಿಗೂ ಹೆದರಿದವಳಲ್ಲ ನೀನು, ಹೋಟೆಲ್ ಮ್ಯಾನೇಜರನ್ನೇ ನಡುಗಿಸಿದವಳು. ಕೆಲಸ ಇಲ್ಲದ್ದಕ್ಕೆ ಹೆದರಿದೆ ಅಂದರೆ ನಗಲೋ ಅಳಲೋ ತಿಳಿಯಲಿಲ್ಲ.

ಇಲ್ಲಿ ನಾನೇ ಎರಡೂ ಕೆಲಸ. ಬೆಂಕಿ ಏರಿಸಿ, ಬಂದು ಇಸ್ತ್ರಿ ಹಿಡಿಯುತ್ತೇನೆ, ಒಂದು ತೋಳು ಮುಗಿಯುವಷ್ಟರಲ್ಲಿ ಹಗ್ಗದ ನೆನಪು. ಎದ್ದು ಹೋಗು, ಎಳೆ, ನಿಲ್ಲು, ಮುಚ್ಚು, ಬಾ. ಮತ್ತೆ ಹೋಗು. ಮಧ್ಯಾಹ್ನಕ್ಕೆ ಮಂಡಿ ಪದ ಹೇಳಿತು. ಹಗ್ಗದ ತುದಿ ನಿನ್ನ ಕೈ ತಾಗಿ ತಾಗಿ ಕಪ್ಪಗೆ ನುಣುಪಾಗಿದೆ. ಬೆಳಿಗ್ಗೆ ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಗೋಡೆ ಹೇಗಿದೆ? ಊಟ ಮಾಡುತ್ತಿದ್ದೀಯಾ?

ನಿನ್ನವನೇ

*

ಕೆರೆದಂಡೆ ಮನೆ
ಫೆಬ್ರವರಿ ೧೭

ರೀ,

ಬಂದ ದಿನ ನೀವು ಒಗೆದಿಟ್ಟ ಪರದೆಗಳನ್ನೇ ಮತ್ತೆ ಒಗೆದೆ. ಮರುದಿನ ಪಾತ್ರೆ ತಿಕ್ಕಿದೆ, ಮೂರನೆಯ ದಿನ ಜಗಲಿಯ ಕಲ್ಲು ತಿಕ್ಕಿದೆ. ಮೇಸ್ತ್ರಿ ಬಂದವನು, "ಅಮ್ಮಾ, ಇನ್ನೂ ನೀರು ಹಾಕ್ಬೇಡಿ, ನಾವು ಒಣಗಿಸ್ತಾ ಇರೋದು" ಅಂದ. ನಾಚಿಕೆಯಾಯಿತು.

ಉಳಿದ ಬಣ್ಣವೆಲ್ಲ ಕೆರೆದು ಮುಗಿಸಿದೆ. ಹಾಳೆ ಹಾಳೆಯಾಗಿ ಎದ್ದು ಬಂತು, ಹಿಂದೆ ನೀರು ಹನಿ ಕಟ್ಟಿತ್ತು. ಬಡಗಣದ್ದು ಬಿಟ್ಟು ಉಳಿದ ಗೋಡೆಗಳು ಚೆನ್ನಾಗಿ ಆರಿದ್ದವು, ಮೇಸ್ತ್ರಿ ಸುಣ್ಣ ಹೊಡೆದ. ನೋಡಲು ಹೊಳಪಿಲ್ಲ, ಮುಟ್ಟಿದರೆ ಕೈಗೆ ಬಿಳಿ ಬರುತ್ತದೆ, ತೊಳೆಯಲಂತೂ ಆಗುವುದೇ ಇಲ್ಲ. ಆದರೆ ಕೋಣೆಯಲ್ಲಿ ಮೂಗಿಗೆ ಒಳ್ಳೆಯ ವಾಸನೆ. ಬಡಗಣ ಗೋಡೆಗೆ ದಿನವೂ ಕೆನ್ನೆ ಇಟ್ಟು ನೋಡುತ್ತೇನೆ, ಹಾಸುಬಟ್ಟೆಗೆ ನೋಡುವ ಹಾಗೆ. ಕೈ ಸುಳ್ಳು ಹೇಳಬಹುದು, ಕೆನ್ನೆ ಹೇಳುವುದಿಲ್ಲ. ಬುಡದಲ್ಲಿ ಒಂದು ಗೇಣು ಇನ್ನೂ ತಣ್ಣಗಿದೆ.

ಕೇಳಿ, ಮೊನ್ನೆ ಏನಾಯಿತು. ಮಧ್ಯಾಹ್ನ ಕೆರೆಯಲು ಏನೂ ಉಳಿದಿರಲಿಲ್ಲ. ಜಗಲಿಯಲ್ಲಿ ಕೂತೆ. ಎದ್ದೆ. ಮತ್ತೆ ಕೂತೆ. ಕೈಯನ್ನು ಎಲ್ಲಿಡಬೇಕು ಅಂತ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ. ಕೆರೆಯ ನೀರು ನೋಡುತ್ತಿದ್ದೆ, ಯಾರೋ ದೋಣಿಯಲ್ಲಿ ನಿಂತು ಬಲೆ ಬೀಸುತ್ತಿದ್ದ. ಕಣ್ಣು ಬಿಟ್ಟರೆ ಬಿಸಿಲು ಪಾದದ ಹತ್ತಿರ ಬಂದಿದೆ! ಕೂತಲ್ಲೇ ನಿದ್ದೆ ಹೋಗಿದ್ದೆ, ಬಾಯಿ ತೆರೆದುಕೊಂಡು. ಏನೂ ಸುಡಲಿಲ್ಲ, ಏನೂ ಉಕ್ಕಲಿಲ್ಲ, ಯಾರೂ ಬಂದು ನನ್ನ ಬಟ್ಟೆ ಎಲ್ಲಿ ಅನ್ನಲಿಲ್ಲ. ಬೆರಳು ನೋಡಿಕೊಂಡೆ, ಸುಕ್ಕೆಲ್ಲ ಹೋಗಿ ನುಣುಪಾಗಿತ್ತು. ಖುಷಿಯಾಯಿತು ರೀ. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ನೀವು ರಸ್ತೆ ದಾಟಿ ಹೋಗಿ ಡಾಕ್ಟರಿಗೆ ಇಲ್ಲ ಅಂತ ಹೇಳಿ ಬನ್ನಿ. ನನ್ನ ಪರವಾಗಿ ಕ್ಷಮೆಯನ್ನೂ ಕೇಳಿ, ಪಾಪ ಅಳತೆ ತೆಗೆಸಿಬಿಟ್ಟೆ. ಮನೆ ಮಾರುವುದಿಲ್ಲ.

ಆದರೆ ಒಂದು. ಪಕ್ಕದ ಕುರ್ಚಿ ಖಾಲಿ ಇದೆ. ಒಬ್ಬಳೇ ಕೂತು ಕೆರೆ ನೋಡಲು ಇಷ್ಟೆಲ್ಲ ಕಟ್ಟಿಸಬೇಕಿತ್ತೇ? ನೀವು ಅಲ್ಲಿ ನಾನು ಇಲ್ಲಿ, ನಾನು ಅಲ್ಲಿ ನೀವು ಇಲ್ಲಿ, ಹೀಗೇ ಆದರೆ ನಮಗಿಂತ ಬಸ್ಸಿನ ಕಂಡಕ್ಟರಿಗೇ ಲಾಭ. ಅಂಗಡಿ ಮುಚ್ಚಿ ಬನ್ನಿ. ಒಂದೇ ವಾರ.

ನಿಮ್ಮವಳು

*

ಲಾಂಡ್ರಿ
ಫೆಬ್ರವರಿ ೨೧

ಅಂಗಡಿ ಮುಚ್ಚುವುದೇ? ಏನು ಮಾತು ಆಡುತ್ತೀಯೇ?

ಅಪ್ಪ ತೀರಿಕೊಂಡಾಗ ಒಂದು ದಿನ, ಅಮ್ಮ ತೀರಿಕೊಂಡಾಗ ಒಂದು ದಿನ. ಅದು ಬಿಟ್ಟು ಈ ಬಾಗಿಲು ಹಗಲಲ್ಲಿ ಮುಚ್ಚಿದ್ದು ನನಗೆ ನೆನಪಿಲ್ಲ. ಹೋಟೆಲಿನ ಮ್ಯಾನೇಜರಿಗೆ ಒಂದು ವಾರ ಇರುವುದಿಲ್ಲ ಅಂದರೆ ನನ್ನನ್ನೇ ಒಗೆದು ಹಿಂಡಿ ಒಣಹಾಕುತ್ತಾರೆ. ಬಂದ ಗಿರಾಕಿ ಬೀಗ ನೋಡಿ ಬೇರೆ ಕಡೆ ಹೋದರೆ ತಿರುಗಿ ಬರುತ್ತಾನೆಯೇ?

ಡಾಕ್ಟರಿಗೆ ಹೇಳಿದೆ. ಬೇಜಾರಾದರೂ ತೋರಿಸಲಿಲ್ಲ. ಹೇಗೂ ಬಂದಿದ್ದೀರಲ್ಲ ಅಂತ ನನ್ನ ಬಾಯಿ ತೆರೆಸಿ ನೋಡಿ, ಎರಡು ಹಲ್ಲು ಹುಳುಕಾಗಿದೆ ಅಂದರು.

ಗೋಡೆ ಇನ್ನೂ ಪೂರ್ತಿ ಒಣಗಿಲ್ಲವಲ್ಲ. ಒಣಗಲಿ, ಆಮೇಲೆ ನೋಡೋಣ.

ನಿನ್ನವನೇ

*

ಕೆರೆದಂಡೆ ಮನೆ
ಫೆಬ್ರವರಿ ೨೬

ರೀ,

ಒಣಗೋ ತನಕ ಅಂತ ನಾನು ಹೇಳುತ್ತಿದ್ದ ಮಾತನ್ನೇ ಈಗ ನೀವು ಕಲಿತಿದ್ದೀರಿ. ಹೆದರಿಕೆ ನನಗೊಬ್ಬಳಿಗೇ ಅಂದುಕೊಂಡಿದ್ದೆ.

ಬಡಗಣ ಗೋಡೆಗೆ ಈಗ ತಾನೇ ಕೆನ್ನೆ ಇಟ್ಟು ನೋಡಿದೆ. ಮೇಲಿನಿಂದ ಬುಡದ ತನಕ, ಮಂಡಿಯೂರಿ ಕೂತು. ಒಣಗಿದೆ. ಇನ್ನು ನಿಮ್ಮಿಷ್ಟ.

ನಿಮ್ಮವಳು

*

ಲಾಂಡ್ರಿ
ಫೆಬ್ರವರಿ ೨೮

ಕೇಳೇ,

ಈ ಪತ್ರ ಬೆಳಗಿನ ಬಸ್ಸಿಗೆ ಕೊಡುತ್ತಿದ್ದೇನೆ, ಸಂಜೆ ಬಸ್ಸಿಗೆ ನಾನು.

ನಿನ್ನೆ ಇಡೀ ದಿನ ಒದ್ದಾಡಿದೆ. ಸಂಜೆ ಹೋಟೆಲಿಗೆ ಹೋಗಿ, ಮುಂದಿನ ವಾರ ಇರುವುದಿಲ್ಲ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟೆ. ಮ್ಯಾನೇಜರು ತಲೆಯೆತ್ತಿ, "ಸರಿ, ಇಟ್ಟಿರೋ ಎರಡನೇ ಜೊತೆ ಹಾಸುಬಟ್ಟೆ ಬಳಸ್ತೀವಿ. ಇಷ್ಟು ವರ್ಷ ನೀವು ರಜೆ ಕೇಳ್ಲೇ ಇಲ್ಲವಲ್ಲ?" ಅಂದರು. ನಿಂತಲ್ಲೇ ನಕ್ಕುಬಿಟ್ಟೆ.

ರಟ್ಟಿನ ಮೇಲೆ ದಪ್ಪಕ್ಷರದಲ್ಲಿ "ಒಂದು ವಾರ ಅಂಗಡಿ ಇಲ್ಲ" ಅಂತ ಬರೆದು, ಸ್ಟೂಲು ಹತ್ತಿ ಬಾಗಿಲಿಗೆ ನೇತುಹಾಕಿದೆ. ಇಳಿದು ನೋಡುವಷ್ಟರಲ್ಲಿ ಬೀದಿಯ ಅರ್ಧ ಜನ ನೆರೆದಿದ್ದಾರೆ. ಒಬ್ಬರು ಟೋಪಿ ಕೈಯಲ್ಲಿ ಹಿಡಿದಿದ್ದಾರೆ. ಹಲ್ಲಿನ ಡಾಕ್ಟರು ರಸ್ತೆ ದಾಟಿ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಹೂವಿನಂಗಡಿಯಾಕೆ ಕಣ್ಣಲ್ಲಿ ನೀರು ತುಂಬಿಕೊಂಡು, "ಅಣ್ಣಾ, ಅಕ್ಕನಿಗೆ... ಮನೇಲಿ ಏನಾದ್ರೂ ಆಯ್ತಾ?" ಅಂದಳು.

"ಆಯ್ತಮ್ಮಾ," ಅಂದೆ, "ಗೋಡೆ ಒಣಗ್ತು."